ಅಪರಾಧದಿಂದ ನೊಂದವರಿಗೆ ಸರ್ಕಾರದ ನೆರವು: ಯಾವ ಕಚೇರಿ, ಯಾವ ಹಕ್ಕು, ಎಷ್ಟು ಪರಿಹಾರ

ಅಪರಾಧವೊಂದು ನಡೆದಾಗ ಪೊಲೀಸರು ತನಿಖೆ ಕೈಗೊಳ್ಳುತ್ತಾರೆ. ಸರ್ಕಾರಿ ಅಭಿಯೋಜಕರು ನ್ಯಾಯಾಲಯದಲ್ಲಿ ವಾದ ಮಂಡಿಸುತ್ತಾರೆ. ಆರೋಪಿಗೆ ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿ ಇಲ್ಲದಿದ್ದಲ್ಲಿ ಸರ್ಕಾರದ ವೆಚ್ಚದಲ್ಲಿಯೇ ವಕೀಲರನ್ನು ಒದಗಿಸಲಾಗುತ್ತದೆ. ಶಿಕ್ಷೆಗೆ ಒಳಗಾದವನ ಊಟ, ವಸತಿ, ಔಷಧೋಪಚಾರಗಳ ಹೊಣೆಯನ್ನು ಕಾರಾಗೃಹ ಇಲಾಖೆ ಹೊರುತ್ತದೆ. ಆದರೆ ಹಲ್ಲೆಯಲ್ಲಿ ಕೈ ಊನಗೊಂಡು ಕೂಲಿಗೆ ಹೋಗಲಾಗದವರ, ದುಡಿಯುವ ಮಗನನ್ನು ಕೊಲೆಯಲ್ಲಿ ಕಳೆದುಕೊಂಡ ತಾಯಿಯ, ಅತ್ಯಾಚಾರಕ್ಕೆ ಒಳಗಾಗಿ ಶಾಲೆ ಬಿಟ್ಟ ಬಾಲಕಿಯ ಹೊಣೆ ಯಾವ ಕಚೇರಿಯದು ಎಂಬ ಪ್ರಶ್ನೆಗೆ ನಮ್ಮ ದೇಶದ ಕಾನೂನಿನಲ್ಲಿ ಬಹುಕಾಲದವರೆಗೆ ಉತ್ತರವೇ ಇರಲಿಲ್ಲ. ಈಗ ಉತ್ತರವಿದೆ. ಆದರೆ ಆ ಉತ್ತರ ಅರ್ಹರಲ್ಲಿ ಹಲವರಿಗೆ ತಲುಪಿಲ್ಲವಾದುದರಿಂದ ಈ ವಿವರಣೆಯನ್ನು ಸಾರ್ವಜನಿಕರ ಮಾಹಿತಿಗಾಗಿ ನೀಡಲಾಗಿದೆ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ಮತ್ತು ಕೃಷ್ಣರಾಜನಗರ ಭಾಗದ, ವಿಶೇಷವಾಗಿ ಬೀಚನಹಳ್ಳಿ ಸುತ್ತಮುತ್ತಲಿನ ಗ್ರಾಮಗಳ ಹಾಗೂ ಕಾಡಂಚಿನ ಹಾಡಿಗಳ ನಿವಾಸಿಗಳನ್ನು ಗಮನದಲ್ಲಿರಿಸಿಕೊಂಡು ಇದನ್ನು ಬರೆಯಲಾಗಿದೆ.

ಹಿನ್ನೆಲೆ

1973ರ ದಂಡ ಪ್ರಕ್ರಿಯಾ ಸಂಹಿತೆಯ 357ನೇ ಕಲಮಿನ ಪ್ರಕಾರ ನೊಂದವರಿಗೆ ಪರಿಹಾರ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿತ್ತು. ಆದರೆ ಆ ಹಣ ಅಪರಾಧಿಯಿಂದಲೇ ಬರಬೇಕಾಗಿತ್ತು. ಆರೋಪಿ ಸಿಕ್ಕದಿದ್ದರೆ, ಸಿಕ್ಕರೂ ಸಾಕ್ಷ್ಯದ ಕೊರತೆಯಿಂದ ಬಿಡುಗಡೆಯಾದರೆ, ಶಿಕ್ಷೆಯಾದರೂ ಅವನ ಬಳಿ ಆಸ್ತಿ ಇಲ್ಲದಿದ್ದರೆ ನೊಂದವರಿಗೆ ಏನೂ ದೊರೆಯುತ್ತಿರಲಿಲ್ಲ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ವಸೂಲಾಗದ ಬಾಕಿಯನ್ನು ನೊಂದವರ ಖಾತೆಗೇ ಬರೆಯಲಾಗುತ್ತಿತ್ತು.

ಇತರ ದೇಶಗಳು ಈ ವಿಷಯದಲ್ಲಿ ನಮಗಿಂತ ಮುಂಚೆ ಎಚ್ಚೆತ್ತವು. ನ್ಯೂಜಿಲೆಂಡ್ ದೇಶವು 1963ರಲ್ಲಿ ಕಾಯ್ದೆ ರೂಪಿಸಿ, ಅಪರಾಧದಲ್ಲಿ ಗಾಯಗೊಂಡವರಿಗೆ ಸರ್ಕಾರವೇ ಪರಿಹಾರ ನೀಡುವ ಪದ್ಧತಿಯನ್ನು ಜಾರಿಗೆ ತಂದಿತು. ಬ್ರಿಟನ್ 1964ರಲ್ಲಿ ಅದನ್ನು ಅನುಸರಿಸಿತು. ಅಮೆರಿಕದಲ್ಲಿ ನ್ಯಾಯಾಂಗ ಇಲಾಖೆಯ ಅಡಿಯಲ್ಲಿ ಅಪರಾಧ ಸಂತ್ರಸ್ತರಿಗೆಂದೇ ಪ್ರತ್ಯೇಕ ಕಚೇರಿಯೊಂದನ್ನು 1980ರ ದಶಕದಲ್ಲಿ ಸ್ಥಾಪಿಸಲಾಯಿತು. ಅಲ್ಲಿಯ 1984ರ ಕಾಯ್ದೆಯು ಸ್ಥಾಪಿಸಿದ ನಿಧಿಗೆ ಮುಖ್ಯವಾಗಿ ಹಣ ಬರುವುದು ಸಾಮಾನ್ಯ ತೆರಿಗೆಯಿಂದಲ್ಲ, ಅಪರಾಧಿಗಳಿಗೆ ವಿಧಿಸಿದ ದಂಡದಿಂದ ಎಂಬುದು ಗಮನಾರ್ಹ. 1985ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆಯು ಅಪರಾಧ ಸಂತ್ರಸ್ತರ ನ್ಯಾಯದ ಮೂಲತತ್ವಗಳನ್ನು ಘೋಷಿಸಿತು.

ನಮ್ಮಲ್ಲಿ 1996ರಲ್ಲಿ ಕಾನೂನು ಆಯೋಗವು ತನ್ನ 154ನೇ ವರದಿಯಲ್ಲಿ ಇಂತಹ ಯೋಜನೆಗೆ ಶಿಫಾರಸು ಮಾಡಿತು. ತರುವಾಯ ಕೇಂದ್ರ ಸರ್ಕಾರವು 2000ದಲ್ಲಿ ರಚಿಸಿದ ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣಾ ಸಮಿತಿಗೆ ಕನ್ನಡಿಗರೇ ಆದ, ಕರ್ನಾಟಕ ಹಾಗೂ ಕೇರಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರು ಅಧ್ಯಕ್ಷರಾಗಿದ್ದರು. 2003ರಲ್ಲಿ ಸಲ್ಲಿಕೆಯಾದ ಆ ವರದಿಯ ಕೆಲವು ಶಿಫಾರಸುಗಳು ವಿವಾದಕ್ಕೆ ಒಳಗಾದವು. ಆದರೆ ಗಂಭೀರ ಅಪರಾಧಗಳಲ್ಲಿ ಅಪರಾಧಿ ಸಿಕ್ಕಲಿ ಸಿಕ್ಕದಿರಲಿ, ಶಿಕ್ಷೆಯಾಗಲಿ ಆಗದಿರಲಿ, ಸಂತ್ರಸ್ತರಿಗೆ ಪರಿಹಾರ ನೀಡುವುದು ರಾಜ್ಯದ ಕರ್ತವ್ಯ ಹಾಗೂ ಅದಕ್ಕಾಗಿ ನಿಧಿಯೊಂದು ಇರತಕ್ಕದ್ದು ಎಂಬ ಅದರ ಮಾತು ಉಳಿದುಕೊಂಡಿತು.

2008ರ ತಿದ್ದುಪಡಿ ಕಾಯ್ದೆಯ ಮೂಲಕ ದಂಡ ಪ್ರಕ್ರಿಯಾ ಸಂಹಿತೆಗೆ 357-ಎ ಕಲಮನ್ನು ಸೇರಿಸಲಾಯಿತು. ಇದು 2009ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. ಅದೇ ತಿದ್ದುಪಡಿಯಲ್ಲಿ 'ಸಂತ್ರಸ್ತ' ಎಂಬ ಪದಕ್ಕೆ ಮೊದಲ ಬಾರಿಗೆ ವ್ಯಾಖ್ಯೆಯೂ ದೊರೆಯಿತು. ಸದರಿ ಕಲಮಿನಂತೆ ರಾಜ್ಯ ಸರ್ಕಾರವು ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆ, 2011ನ್ನು ರೂಪಿಸಿತು. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ಜಾರಿಯಲ್ಲಿದ್ದು, ಪರಿಹಾರದ ವಿಷಯ ಈಗ ಅದರ 396ನೇ ಕಲಮಿನಲ್ಲಿದೆ. ಕಲಮಿನ ಸಂಖ್ಯೆ ಬದಲಾಗಿದೆಯೇ ಹೊರತು ಹಕ್ಕು ಕಡಿಮೆಯಾಗಿಲ್ಲ.

ಫಲಕವಿಲ್ಲದ ಕಚೇರಿ

'ಅಪರಾಧ ಸಂತ್ರಸ್ತರ ಕಚೇರಿ' ಎಂಬ ನಾಮಫಲಕವನ್ನು ಹುಡುಕಿಕೊಂಡು ಹೋದವರಿಗೆ ಮೈಸೂರು ಜಿಲ್ಲೆಯ ಯಾವ ಊರಿನಲ್ಲಿಯೂ ಅಂತಹ ಕಟ್ಟಡ ಕಾಣಸಿಗದು. ನಮ್ಮ ಶಾಸನಕರ್ತರು ಹೊಸ ಇಲಾಖೆಯನ್ನು ತೆರೆಯಲಿಲ್ಲ. ಅದಕ್ಕೆ ಬದಲಾಗಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯನ್ವಯ ಈಗಾಗಲೇ ಇದ್ದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಈ ಕೆಲಸವನ್ನು ವಹಿಸಿದರು. ಜಿಲ್ಲಾ ನ್ಯಾಯಾಧೀಶರು ಇದರ ಅಧ್ಯಕ್ಷರು. ನ್ಯಾಯಾಂಗ ಅಧಿಕಾರಿಯೊಬ್ಬರು ಇದರ ಸದಸ್ಯ ಕಾರ್ಯದರ್ಶಿ. ಮೈಸೂರು ಜಿಲ್ಲೆಯ ಪ್ರಾಧಿಕಾರ ಮೈಸೂರಿನಲ್ಲಿದ್ದು, ತಾಲ್ಲೂಕು ಮಟ್ಟದಲ್ಲಿ ಅಲ್ಲಿಯ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗಳು ನ್ಯಾಯಾಲಯದ ಆವರಣದಲ್ಲಿಯೇ ಕಾರ್ಯನಿರ್ವಹಿಸುತ್ತವೆ.

ಈ ವ್ಯವಸ್ಥೆಯಲ್ಲಿ ಒಳ್ಳೆಯ ಅಂಶವೊಂದಿದೆ. ಪರಿಹಾರವನ್ನು ನಿರ್ಧರಿಸುವವರು ನ್ಯಾಯಾಂಗದವರಾದುದರಿಂದ ತನಿಖೆ ಮಾಡಿದ ಇಲಾಖೆಯ ಇಷ್ಟಾನಿಷ್ಟಗಳ ಮೇಲೆ ಅದು ನಿಂತಿಲ್ಲ. ಕೊರತೆಯೂ ಒಂದಿದೆ. ಸಾಮಾನ್ಯ ಜನರಿಗೆ ಕಾನೂನು ಸೇವೆಗಳ ಪ್ರಾಧಿಕಾರವೆಂದರೆ ಲೋಕ ಅದಾಲತ್ ನಡೆಸುವ, ಬ್ಯಾಂಕ್ ಸಾಲ ಮತ್ತು ವಾಹನ ಅಪಘಾತದ ಪ್ರಕರಣಗಳನ್ನು ರಾಜಿ ಮಾಡಿಸುವ ಕಚೇರಿ. ಕೊಲೆ, ಹಲ್ಲೆ, ಅತ್ಯಾಚಾರದ ಪ್ರಕರಣದಲ್ಲಿ ಅಲ್ಲಿ ಹೋಗಬೇಕೆಂದು ತೋಚುವುದಿಲ್ಲ. ಹೋದರೆ ರಾಜಿ ಮಾಡಿಕೊಳ್ಳಲು ಹೇಳಿಯಾರೆಂಬ ಅಂಜಿಕೆಯೂ ಕೆಲವರಲ್ಲಿದೆ. ಈ ಅಂಜಿಕೆಗೆ ಆಧಾರವಿಲ್ಲ. ಪರಿಹಾರದ ಅರ್ಜಿಗೂ ರಾಜಿಗೂ ಸಂಬಂಧವಿಲ್ಲ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಮೂಲ ಮೊಕದ್ದಮೆ ದುರ್ಬಲವಾಗುವುದೂ ಇಲ್ಲ.

ಯಾರು, ಯಾವಾಗ ಕೇಳಬಹುದು

ಅಪರಾಧದ ಪರಿಣಾಮವಾಗಿ ನಷ್ಟಕ್ಕೆ ಅಥವಾ ಗಾಯಕ್ಕೆ ಒಳಗಾಗಿ ಪುನರ್ವಸತಿಯ ಅಗತ್ಯವಿರುವವರು ಹಾಗೂ ಮೃತರಾದಲ್ಲಿ ಅವರ ಅವಲಂಬಿತರು ಅರ್ಹರು. ಮಾರ್ಗಗಳು ಮೂರು. ವಿಚಾರಣೆಯ ಕೊನೆಯಲ್ಲಿ, ಆರೋಪಿ ಕೊಡಬೇಕಾದ ಪರಿಹಾರ ಸಾಲದೆಂದು ನ್ಯಾಯಾಲಯಕ್ಕೆ ಕಂಡುಬಂದರೆ ಅದು ಪ್ರಾಧಿಕಾರಕ್ಕೆ ಶಿಫಾರಸು ಮಾಡಬಹುದು. ಪ್ರಕರಣ ಬಿಡುಗಡೆಯಲ್ಲಿ ಕೊನೆಗೊಂಡು, ನೊಂದವರಿಗೆ ಪುನರ್ವಸತಿ ಬೇಕಾಗಿದ್ದರೂ ಶಿಫಾರಸು ಮಾಡಬಹುದು. ಅಪರಾಧಿ ಪತ್ತೆಯಾಗದೆ, ವಿಚಾರಣೆಯೇ ನಡೆಯದಿದ್ದಲ್ಲಿ ನೊಂದವರು ಅಥವಾ ಅವಲಂಬಿತರು ನೇರವಾಗಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಪ್ರಾಧಿಕಾರವು ಎರಡು ತಿಂಗಳೊಳಗೆ ವಿಚಾರಣೆ ಪೂರ್ಣಗೊಳಿಸಿ ಪರಿಹಾರ ನೀಡತಕ್ಕದ್ದು ಎಂದು ಕಾನೂನು ಹೇಳುತ್ತದೆ.

ಎರಡನೆಯ ಮಾರ್ಗ ಬಹು ಮುಖ್ಯವಾದುದು. ಆರೋಪಿ ಬಿಡುಗಡೆಯಾದನೆಂದರೆ ಅಪರಾಧವೇ ನಡೆದಿಲ್ಲವೆಂದು ಅರ್ಥವಲ್ಲ. ಸಾಕ್ಷಿಗಳು ಹಿಂಜರಿದಿರಬಹುದು, ಅಪರಾಧಿ ಬೇರೆಯವನಿರಬಹುದು. ಆದರೆ ಮುರಿದ ಬೆನ್ನು ಮುರಿದೇ ಇರುತ್ತದೆ. ಆದುದರಿಂದ ಬಿಡುಗಡೆಯ ತೀರ್ಪು ಬಂದ ದಿನವೇ ಎಲ್ಲವೂ ಮುಗಿಯಿತೆಂದು ಮನೆಗೆ ಮರಳದೆ, ಪರಿಹಾರದ ಶಿಫಾರಸಿನ ಬಗ್ಗೆ ಸರ್ಕಾರಿ ಅಭಿಯೋಜಕರ ಮೂಲಕ ಅಥವಾ ತಮ್ಮ ವಕೀಲರ ಮೂಲಕ ನ್ಯಾಯಾಲಯದ ಗಮನ ಸೆಳೆಯಬೇಕು. ಅಂದಹಾಗೆ, ಬಿಡುಗಡೆಯ ವಿರುದ್ಧ ಮೇಲ್ಮನವಿ ಸಲ್ಲಿಸುವ ಹಕ್ಕೂ ನೊಂದವರಿಗಿದೆ. ಬಾಗಲಕೋಟೆ ಜಿಲ್ಲೆಯಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್ 12ರಂದು, ಇಂತಹ ಮೇಲ್ಮನವಿಗೆ ಸಂತ್ರಸ್ತರು ವಿಶೇಷ ಅನುಮತಿ ಪಡೆಯಬೇಕಾಗಿಲ್ಲವೆಂದು ತೀರ್ಪು ನೀಡಿತು. ಕರ್ನಾಟಕದ ಒಬ್ಬ ನೊಂದ ವ್ಯಕ್ತಿಯ ಹೋರಾಟದಿಂದ ಇಡೀ ದೇಶಕ್ಕೆ ದೊರೆತ ಹಕ್ಕು ಇದು.

ಮಹಿಳೆಯರಿಗೆ ನಿಗದಿಯಾದ ಮೊತ್ತ

ಅತ್ಯಾಚಾರ, ಆಸಿಡ್ ದಾಳಿ ಮೊದಲಾದ ಅಪರಾಧಗಳಿಗೆ ಒಳಗಾದ ಮಹಿಳೆಯರಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಮೊತ್ತ ದೊರೆಯುತ್ತಿದ್ದುದನ್ನು ಗಮನಿಸಿ, ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2018ರಲ್ಲಿ ಪ್ರತ್ಯೇಕ ಯೋಜನೆಯನ್ನು ರೂಪಿಸಿತು. ಅದು 2018ರ ಅಕ್ಟೋಬರ್ 2ರಿಂದ ಕಾರ್ಯರೂಪಕ್ಕೆ ಬಂದಿತು. ಅದರ ಅನುಸೂಚಿಯಂತೆ ಪ್ರಾಣಹಾನಿಗೆ ಹಾಗೂ ಸಾಮೂಹಿಕ ಅತ್ಯಾಚಾರಕ್ಕೆ ಕನಿಷ್ಠ 5 ಲಕ್ಷ, ಗರಿಷ್ಠ 10 ಲಕ್ಷ ರೂಪಾಯಿ. ಅತ್ಯಾಚಾರಕ್ಕೆ 4ರಿಂದ 7 ಲಕ್ಷ. ಶೇಕಡ 80ರಷ್ಟು ಶಾಶ್ವತ ಅಂಗವಿಕಲತೆಗೆ 2ರಿಂದ 5 ಲಕ್ಷ. ಆಸಿಡ್ ದಾಳಿಯಿಂದ ಮುಖ ವಿರೂಪಗೊಂಡಲ್ಲಿ 7ರಿಂದ 8 ಲಕ್ಷ. ಹಲ್ಲೆಯ ಪರಿಣಾಮವಾಗಿ ಗರ್ಭಪಾತವಾದಲ್ಲಿ 2ರಿಂದ 3 ಲಕ್ಷ. ಚಿಕಿತ್ಸೆಯ ವೆಚ್ಚ, ಕಳೆದುಹೋದ ಕೂಲಿ ಅಥವಾ ಉದ್ಯೋಗ, ನಿಂತುಹೋದ ಶಿಕ್ಷಣ, ಕುಟುಂಬದ ಆರ್ಥಿಕ ಸ್ಥಿತಿ ಇವೆಲ್ಲವನ್ನೂ ಗಣನೆಗೆ ತೆಗೆದುಕೊಂಡು ಈ ಮಿತಿಯೊಳಗೆ ಮೊತ್ತವನ್ನು ನಿರ್ಧರಿಸಲಾಗುತ್ತದೆ. ಆದುದರಿಂದ ಆಸ್ಪತ್ರೆಯ ಬಿಲ್ಲುಗಳನ್ನು, ಔಷಧ ಅಂಗಡಿಯ ರಸೀದಿಗಳನ್ನು, ಬಸ್ಸಿನ ಟಿಕೆಟ್ಟುಗಳನ್ನು ಸಹ ಎಸೆಯದೆ ಒಂದು ಚೀಲದಲ್ಲಿ ಕೂಡಿಡುವುದು ಒಳ್ಳೆಯದು.

ಆಸಿಡ್ ದಾಳಿಯ ಪ್ರಕರಣಗಳಲ್ಲಿ ವಿಷಯ ಪ್ರಾಧಿಕಾರದ ಗಮನಕ್ಕೆ ಬಂದ 15 ದಿನಗಳೊಳಗೆ 1 ಲಕ್ಷ ರೂಪಾಯಿ, ತದನಂತರ ಎರಡು ತಿಂಗಳೊಳಗೆ 2 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ನೀಡತಕ್ಕದ್ದು. ಇತರ ಪ್ರಕರಣಗಳಲ್ಲಿಯೂ ಮಧ್ಯಂತರ ಪರಿಹಾರವನ್ನು ಕೋರಬಹುದು. ಮಹಿಳೆಯರ ಮೇಲಿನ ಇಂತಹ ಗಂಭೀರ ಅಪರಾಧಗಳಲ್ಲಿ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಪೊಲೀಸರೇ ಪ್ರಾಧಿಕಾರಕ್ಕೆ ಕಳುಹಿಸಬೇಕೆಂದೂ, ಅದನ್ನು ಆಧರಿಸಿ ಪ್ರಾಧಿಕಾರವು ಅರ್ಜಿಗಾಗಿ ಕಾಯದೆ ಪ್ರಾಥಮಿಕ ಪರಿಶೀಲನೆ ನಡೆಸಬಹುದೆಂದೂ ಯೋಜನೆ ಹೇಳುತ್ತದೆ. ಆದಾಗ್ಯೂ ಕಳುಹಿಸಿದ್ದಾರೆಂದು ನಂಬಿ ಕುಳಿತುಕೊಳ್ಳುವುದಕ್ಕಿಂತ ಒಂದು ಅರ್ಜಿಯನ್ನು ತಾವೂ ಸಲ್ಲಿಸುವುದು ಲೇಸು. ಅಪರಾಧ ನಡೆದ ದಿನದಿಂದ ಅಥವಾ ವಿಚಾರಣೆ ಮುಗಿದ ದಿನದಿಂದ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ಸಕಾರಣವಿದ್ದಲ್ಲಿ ವಿಳಂಬವನ್ನು ಮನ್ನಿಸುವ ಅಧಿಕಾರ ಪ್ರಾಧಿಕಾರಕ್ಕಿದೆ.

ಪುರುಷ ಸಂತ್ರಸ್ತರಿಗೆ ಈ 2018ರ ಯೋಜನೆ ಅನ್ವಯಿಸುವುದಿಲ್ಲ. ಅವರಿಗೆ ರಾಜ್ಯದ 2011ರ ಯೋಜನೆ ಅನ್ವಯಿಸುತ್ತದೆ. ಆ ಯೋಜನೆಯ ಅನುಸೂಚಿ ಮತ್ತು ಕಾಲಮಿತಿ ಬೇರೆಯಾದುದರಿಂದ ತಡಮಾಡದೆ ತಾಲ್ಲೂಕು ಸಮಿತಿಯಲ್ಲಿ ವಿಚಾರಿಸಿಕೊಳ್ಳಬೇಕು.

ಹದಿನೆಂಟು ವರ್ಷದೊಳಗಿನ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಪರಿಹಾರವನ್ನು ನಿರ್ಧರಿಸುವುದು ಪೋಕ್ಸೋ ವಿಶೇಷ ನ್ಯಾಯಾಲಯ. ವರದಿ ದಾಖಲಾದ ನಂತರ ಯಾವ ಹಂತದಲ್ಲಿ ಬೇಕಾದರೂ ಮಧ್ಯಂತರ ಪರಿಹಾರಕ್ಕೆ ಆದೇಶಿಸಬಹುದೆಂದು 2020ರ ಪೋಕ್ಸೋ ನಿಯಮಗಳು ಹೇಳುತ್ತವೆ. ಆದೇಶ ತಲುಪಿದ 30 ದಿನಗಳೊಳಗೆ ರಾಜ್ಯ ಸರ್ಕಾರ ಹಣ ಪಾವತಿಸತಕ್ಕದ್ದು. ಮಗುವಿಗೆ ತಕ್ಷಣ ಊಟ, ಬಟ್ಟೆ, ಪ್ರಯಾಣದ ವೆಚ್ಚ ಬೇಕಾಗಿದ್ದಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಶಿಫಾರಸಿನ ಮೇಲೆ ಒಂದು ವಾರದೊಳಗೆ ಅದನ್ನು ನೀಡಲು ಪ್ರತ್ಯೇಕ ಅವಕಾಶವಿದೆ.

ಪರಿಶಿಷ್ಟ ಜಾತಿ ಮತ್ತು ಪಂಗಡದವರ ಪ್ರಕರಣಗಳು

ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಕುಟುಂಬಗಳು ನೆಲೆಸಿರುವ ಈ ಭಾಗದಲ್ಲಿ ಇದನ್ನು ವಿವರವಾಗಿ ಹೇಳುವುದು ಅವಶ್ಯ. ಪರಿಶಿಷ್ಟ ಜಾತಿ ಅಥವಾ ಪಂಗಡದವರ ಮೇಲೆ ಅನ್ಯ ವರ್ಗದವರು ಎಸಗಿದ ದೌರ್ಜನ್ಯವು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದಾಖಲಾದಲ್ಲಿ, ಪರಿಹಾರಕ್ಕಾಗಿ ನ್ಯಾಯಾಲಯದ ತೀರ್ಪಿನವರೆಗೆ ಕಾಯಬೇಕಾಗಿಲ್ಲ. 1995ರ ನಿಯಮಗಳಂತೆ ಏಳು ದಿನಗಳೊಳಗೆ ಪರಿಹಾರ ಒದಗಿಸುವ ವ್ಯವಸ್ಥೆ ಮಾಡುವುದು ಜಿಲ್ಲಾಡಳಿತದ ಕರ್ತವ್ಯ. 2016ರ ತಿದ್ದುಪಡಿಯ ತರುವಾಯ ಅಪರಾಧದ ಸ್ವರೂಪಕ್ಕೆ ಅನುಗುಣವಾಗಿ ಈ ಮೊತ್ತ 85,000 ರೂಪಾಯಿಯಿಂದ 8,25,000 ರೂಪಾಯಿಯವರೆಗೆ ಇದೆ.

ಹಣ ಕಂತುಗಳಲ್ಲಿ ಬರುತ್ತದೆ. ಕೊಲೆಯ ಪ್ರಕರಣದಲ್ಲಿ 8,25,000 ರೂಪಾಯಿಯ ಅರ್ಧ ಭಾಗ ಮರಣೋತ್ತರ ಪರೀಕ್ಷೆಯ ನಂತರ, ಉಳಿದರ್ಧ ದೋಷಾರೋಪಣ ಪಟ್ಟಿ ನ್ಯಾಯಾಲಯಕ್ಕೆ ಹೋದ ಮೇಲೆ. ಅತ್ಯಾಚಾರದ ಪ್ರಕರಣದಲ್ಲಿ 5 ಲಕ್ಷದ ಪೈಕಿ ವೈದ್ಯಕೀಯ ಪರೀಕ್ಷೆ ಮತ್ತು ದೃಢೀಕರಣ ವರದಿಯ ನಂತರ ಎರಡೂವರೆ ಲಕ್ಷ, ದೋಷಾರೋಪಣ ಪಟ್ಟಿಯ ನಂತರ ಒಂದೂಕಾಲು ಲಕ್ಷ, ಕೆಳ ನ್ಯಾಯಾಲಯದ ವಿಚಾರಣೆ ಮುಗಿದ ಮೇಲೆ ಒಂದೂಕಾಲು ಲಕ್ಷ. ಮೊದಲ ಕಂತು ಬಂದ ಮೇಲೆ ಎರಡನೆಯದನ್ನು ಕೇಳಲು ಮರೆಯುವ ಸಂಭವವಿರುವುದರಿಂದ, ದೋಷಾರೋಪಣ ಪಟ್ಟಿ ಸಲ್ಲಿಕೆಯಾದ ದಿನಾಂಕವನ್ನು ಠಾಣೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು. ಮೃತರ ಪತ್ನಿಗೆ ಅಥವಾ ಅವಲಂಬಿತರಿಗೆ ಮಾಸಿಕ ಪಿಂಚಣಿಗೂ ನಿಯಮಗಳಲ್ಲಿ ಅವಕಾಶವಿದೆ.

ಜನರು ಕೇಳದೆ ಬಿಡುವ ಇನ್ನೊಂದು ಹಕ್ಕು ಪ್ರಯಾಣ ವೆಚ್ಚದ್ದು. ಸದರಿ ನಿಯಮಗಳ 11ನೇ ನಿಯಮದಂತೆ, ತನಿಖೆಗೆ ಅಥವಾ ಸಾಕ್ಷ್ಯ ನುಡಿಯಲು ಬರುವ ಸಂತ್ರಸ್ತರಿಗೆ ಮತ್ತು ಸಾಕ್ಷಿಗಳಿಗೆ ಪ್ರಯಾಣ ಭತ್ಯೆ ಹಾಗೂ ಕನಿಷ್ಠ ಕೂಲಿಯ ದರದ ದಿನಭತ್ಯೆಯನ್ನು ಕೂಡಲೇ, ಅಥವಾ ಹೆಚ್ಚೆಂದರೆ ಮೂರು ದಿನಗಳೊಳಗೆ ನೀಡಬೇಕು. ಡಿ.ಬಿ. ಕುಪ್ಪೆಯ ಕಡೆಯ ಹಾಡಿಯಿಂದ ಮೈಸೂರಿನ ನ್ಯಾಯಾಲಯಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡು ಬೇರೆ. ಮೂರು ಬಾರಿ ಬಂದು ನಾಲ್ಕನೆಯ ಬಾರಿಗೆ ಸಾಕ್ಷಿ ಬರದಿದ್ದರೆ ಅದಕ್ಕೆ ಆರೋಪಿಯ ಬೆದರಿಕೆಯೇ ಕಾರಣವಾಗಿರಬೇಕೆಂದಿಲ್ಲ. ಈ ಭತ್ಯೆ ಸಕಾಲದಲ್ಲಿ ದೊರೆತರೆ ಮೊಕದ್ದಮೆಗಳು ನಿಲ್ಲುವ ಸಾಧ್ಯತೆ ಹೆಚ್ಚು. ಪರಿಹಾರ ಬಾರದಿದ್ದಲ್ಲಿ ಉಪವಿಭಾಗ ಮತ್ತು ಜಿಲ್ಲಾ ಮಟ್ಟದ ಜಾಗೃತಿ ಮತ್ತು ಉಸ್ತುವಾರಿ ಸಮಿತಿಗಳಿಗೆ ಮನವಿ ಸಲ್ಲಿಸಬಹುದು. ಈ ಪರಿಹಾರವು ಬೇರೆ ಕಾನೂನಿನಡಿ ದೊರೆಯುವ ಪರಿಹಾರದ ಹಕ್ಕನ್ನು ಕಸಿದುಕೊಳ್ಳುವುದಿಲ್ಲ. ಆದರೆ ಎಷ್ಟು ಹಣ ಬಂದಿದೆಯೆಂಬುದನ್ನು ಪ್ರಾಧಿಕಾರದ ಅರ್ಜಿಯಲ್ಲಿ ಮರೆಮಾಚದೆ ನಮೂದಿಸಬೇಕು.

ಬೀಚನಹಳ್ಳಿಯಿಂದ ಅರ್ಜಿ ಹೊರಡುವ ದಾರಿ

ಮೊದಲ ಮೆಟ್ಟಿಲು ಪೊಲೀಸ್ ಠಾಣೆ. ದೂರು ದಾಖಲಾದ ಮೇಲೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಮತ್ತು ಸಂತ್ರಸ್ತರ ಹಕ್ಕು. ಈ ಭಾಗದಿಂದ ಅನೇಕರು ಕೊಡಗಿನ ಕಾಫಿ ತೋಟಗಳಿಗೆ, ಕೇರಳದ ವಯನಾಡಿಗೆ ಕೂಲಿಗೆ ಹೋಗುತ್ತಾರೆ. ಅಲ್ಲಿ ಅಪರಾಧಕ್ಕೆ ಒಳಗಾಗಿ ಊರಿಗೆ ಮರಳಿದವರು ಬೀಚನಹಳ್ಳಿ ಠಾಣೆಯಲ್ಲಿಯೇ ದೂರು ನೀಡಬಹುದು. ಘಟನೆ ನಮ್ಮ ಸರಹದ್ದಿನಲ್ಲಿ ನಡೆದಿಲ್ಲವೆಂಬ ಕಾರಣಕ್ಕೆ ದೂರನ್ನು ನಿರಾಕರಿಸುವಂತಿಲ್ಲ. ಹೊಸ ಸಂಹಿತೆಯ 173ನೇ ಕಲಮಿನಂತೆ ವರದಿಯನ್ನು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. 90 ದಿನಗಳೊಳಗೆ ತನಿಖೆಯ ಪ್ರಗತಿಯನ್ನು ಸಂತ್ರಸ್ತರಿಗೆ ತಿಳಿಸಬೇಕೆಂದೂ ಅದೇ ಸಂಹಿತೆ ವಿಧಿಸಿದೆ.

ಎರಡನೆಯದು ಆಸ್ಪತ್ರೆ. ಅತ್ಯಾಚಾರ, ಆಸಿಡ್ ದಾಳಿ ಮತ್ತು ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ನೀಡಬೇಕು. ನಿರಾಕರಿಸುವುದು ಶಿಕ್ಷಾರ್ಹ ಅಪರಾಧ. ಮೊದಲು ಠಾಣೆಗೆ ಹೋಗಿ ಬನ್ನಿ ಎಂದು ಗಾಯಾಳುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಪೊಲೀಸರಿಗೆ ತಿಳಿಸುವ ಹೊಣೆ ಆಸ್ಪತ್ರೆಯದೇ. ಇತರ ಅಪರಾಧಗಳಲ್ಲಿ ಠಾಣಾಧಿಕಾರಿಯ ಅಥವಾ ದಂಡಾಧಿಕಾರಿಯ ಪ್ರಮಾಣ ಪತ್ರದ ಮೇಲೆ ಉಚಿತ ಪ್ರಥಮ ಚಿಕಿತ್ಸೆಗೆ ಪ್ರಾಧಿಕಾರ ಆದೇಶಿಸಬಹುದು. ಗಾಯದ ಪ್ರಮಾಣ ಪತ್ರ ಇಲ್ಲಿ ಸಿದ್ಧವಾಗುವುದರಿಂದ ಎಲ್ಲ ಗಾಯಗಳನ್ನೂ, ಮೈಮೇಲೆ ಕಾಣದ ನೋವುಗಳನ್ನೂ ವೈದ್ಯರಿಗೆ ಹೇಳತಕ್ಕದ್ದು.

ಮೂರನೆಯದು ತಾಲ್ಲೂಕು ಕಾನೂನು ಸೇವೆಗಳ ಸಮಿತಿ. ಮೈಸೂರಿಗೆ ಹೋಗುವ ಮೊದಲು ಇಲ್ಲಿ ವಿಚಾರಿಸಿ ಅರ್ಜಿಯನ್ನು ಬರೆಸಿಕೊಳ್ಳುವುದು ಅನುಕೂಲ. ಅಕ್ಷರ ಬಾರದವರಿಗೆ ಬರೆದುಕೊಡಲು ಕಾನೂನು ಸ್ವಯಂಸೇವಕರ ನೆರವು ದೊರೆಯುತ್ತದೆ. ಅರ್ಜಿಯೊಂದಿಗೆ ಪ್ರಥಮ ವರ್ತಮಾನ ವರದಿ ಅಥವಾ ದೂರಿನ ಪ್ರತಿ, ವೈದ್ಯಕೀಯ ವರದಿ, ಮೃತರಾಗಿದ್ದಲ್ಲಿ ಮರಣ ಪ್ರಮಾಣ ಪತ್ರ, ತೀರ್ಪು ಬಂದಿದ್ದಲ್ಲಿ ಅದರ ಪ್ರತಿ, ಗುರುತಿನ ದಾಖಲೆ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯನ್ನು ಲಗತ್ತಿಸಬೇಕು. ಕೆಲವು ದಾಖಲೆಗಳು ಸಿಗದಿದ್ದರೆ ಅದೇ ಕಾರಣಕ್ಕೆ ಅರ್ಜಿಯನ್ನು ತಡೆಹಿಡಿಯದೆ, ಇದ್ದಷ್ಟನ್ನು ಲಗತ್ತಿಸಿ ಉಳಿದವುಗಳ ಬಗ್ಗೆ ಷರಾ ಬರೆದು ಸಲ್ಲಿಸುವುದು ಸೂಕ್ತ. ಸ್ವೀಕೃತಿಯನ್ನು ತಪ್ಪದೆ ಪಡೆಯತಕ್ಕದ್ದು.

ಉಚಿತ ವಕೀಲರ ಸೇವೆಗೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಮಾನವ ಸಾಗಾಣಿಕೆಗೆ ಒಳಗಾದವರು ಆದಾಯದ ಮಿತಿಯಿಲ್ಲದೆ ಅರ್ಹರು. ಅಪರಾಧಕ್ಕೆ ಒಳಗಾದವರೆಂಬ ಕಾರಣವೊಂದೇ ಈ ಪಟ್ಟಿಯಲ್ಲಿಲ್ಲ. ಇತರ ವರ್ಗದ ಪುರುಷ ಸಂತ್ರಸ್ತರು ಆದಾಯ ಪ್ರಮಾಣ ಪತ್ರ ನೀಡಬೇಕಾಗುತ್ತದೆ. ಇದು ಕಾಯ್ದೆಯಲ್ಲಿ ತುಂಬಬೇಕಾದ ಒಂದು ತೆರವು ಎಂದೇ ಹೇಳಬೇಕು.

ಹಣ ಖಾತೆಗೆ ಬರುವಾಗ ಗಮನಿಸಬೇಕಾದುದು

ಪರಿಹಾರದ ಪೂರ್ಣ ಮೊತ್ತ ಒಮ್ಮೆಗೇ ಕೈಗೆ ಸಿಗುವುದಿಲ್ಲ. 2018ರ ಯೋಜನೆಯಂತೆ ಶೇಕಡ 75ರವರೆಗಿನ ಭಾಗವನ್ನು ಕನಿಷ್ಠ ಮೂರು ವರ್ಷಗಳ ನಿಶ್ಚಿತ ಠೇವಣಿಯಲ್ಲಿರಿಸಿ ಶೇಕಡ 25ನ್ನು ಬಳಕೆಗೆ ಬಿಡಲಾಗುತ್ತದೆ. ಅಪ್ರಾಪ್ತರಾದಲ್ಲಿ ಶೇಕಡ 80 ಠೇವಣಿಗೆ ಹೋಗುತ್ತದೆ. ಉದಾಹರಣೆಗೆ 4 ಲಕ್ಷ ರೂಪಾಯಿ ಮಂಜೂರಾದಲ್ಲಿ 3 ಲಕ್ಷ ಠೇವಣಿ, 1 ಲಕ್ಷ ಉಳಿತಾಯ ಖಾತೆಗೆ. ಠೇವಣಿಯ ಬಡ್ಡಿ ಪ್ರತಿ ತಿಂಗಳೂ ಖಾತೆಗೆ ಜಮೆಯಾಗುತ್ತದೆ. ಬಡ್ಡಿಯ ದರ ಶೇಕಡ 6 ಎಂದಿಟ್ಟುಕೊಂಡರೆ ತಿಂಗಳಿಗೆ 1,500 ರೂಪಾಯಿ. ಹಣವನ್ನು ಸರ್ಕಾರ ಹಿಡಿದಿಟ್ಟುಕೊಂಡಿತೆಂದು ಕೆಲವರು ತಪ್ಪು ತಿಳಿಯುತ್ತಾರೆ. ಸಾಲಗಾರರಿಂದ ಮತ್ತು ಬಂಧುಗಳಿಂದ ಹಣವನ್ನು ಕಾಪಾಡುವುದೇ ಇದರ ಉದ್ದೇಶ. ಶಿಕ್ಷಣ, ಚಿಕಿತ್ಸೆಯಂತಹ ತುರ್ತು ಅಗತ್ಯಗಳಿಗೆ ಠೇವಣಿಯಿಂದ ಹಣ ಪಡೆಯಲು ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು.

ಖಾತೆಯ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಪೂರ್ಣ ದಾಖಲೆಗಳಿಲ್ಲದೆ ತೆರೆದ ಸಣ್ಣ ಖಾತೆಗಳಲ್ಲಿ ಯಾವ ಸಮಯದಲ್ಲಿಯೂ 50,000 ರೂಪಾಯಿಗಿಂತ ಹೆಚ್ಚು ಶಿಲ್ಕು ಇರುವಂತಿಲ್ಲ, ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮೆಯಾಗುವಂತಿಲ್ಲ. ಅಂತಹ ಖಾತೆಯ ಸಂಖ್ಯೆಯನ್ನು ಕೊಟ್ಟಲ್ಲಿ ಮಂಜೂರಾದ ಹಣ ಜಮೆಯಾಗದೆ ತೊಡಕಾಗಬಹುದು. ಆದುದರಿಂದ ಅರ್ಜಿ ಸಲ್ಲಿಸುವಾಗಲೇ ಬ್ಯಾಂಕಿಗೆ ದಾಖಲೆ ನೀಡಿ ಖಾತೆಯನ್ನು ಪೂರ್ಣ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಇನ್ನೊಂದು, ಆರೋಪಿ ಗಂಡನೋ ಹತ್ತಿರದ ಬಂಧುವೋ ಆಗಿದ್ದಲ್ಲಿ ಅವನೊಂದಿಗಿನ ಜಂಟಿ ಖಾತೆಯ ವಿವರವನ್ನು ಎಂದಿಗೂ ಕೊಡಬಾರದು.

ಈ ಹಣ ಎಲ್ಲಿಂದ ಬರುತ್ತದೆಂದು ಕೇಳುವವರಿಗೆ: ರಾಜ್ಯದ ಆಯವ್ಯಯದ ಅನುದಾನ, ನ್ಯಾಯಾಲಯಗಳು ವಿಧಿಸಿ ನಿಧಿಗೆ ಜಮೆ ಮಾಡಲು ಆದೇಶಿಸಿದ ದಂಡ, ಅಪರಾಧಿಯಿಂದ ವಸೂಲಾದ ಮೊತ್ತ ಮತ್ತು ದೇಣಿಗೆಗಳು ಇದರ ಮೂಲ. ಕೇಂದ್ರ ಸರ್ಕಾರವು 2015ರಲ್ಲಿ ಸ್ಥಾಪಿಸಿದ ಕೇಂದ್ರ ಸಂತ್ರಸ್ತರ ಪರಿಹಾರ ನಿಧಿಗೆ ನಿರ್ಭಯಾ ನಿಧಿಯಿಂದ 200 ಕೋಟಿ ರೂಪಾಯಿಯನ್ನು ಒಂದು ಬಾರಿಯ ನೆರವಾಗಿ ಒದಗಿಸಲಾಯಿತು. ಅನುದಾನ ಬಿಡುಗಡೆಯಾಗದೆ ಮಂಜೂರಾದ ಪರಿಹಾರ ಬಾಕಿ ಉಳಿಯುವ ಸಂದರ್ಭಗಳೂ ಇರುತ್ತವೆ. ಹಾಗಾದಲ್ಲಿ ಆದೇಶದ ಸಂಖ್ಯೆ, ದಿನಾಂಕ ನಮೂದಿಸಿ ಲಿಖಿತವಾಗಿ ನೆನಪೋಲೆ ನೀಡುತ್ತಿರಬೇಕು.

ಈ ಕಚೇರಿಗೆ ಸಂಬಂಧಿಸದ ವಿಷಯಗಳು

ಕಬಿನಿ ಹಿನ್ನೀರು ಮತ್ತು ನಾಗರಹೊಳೆಯ ಅಂಚಿನಲ್ಲಿ ಆನೆ, ಹುಲಿಗಳಿಂದ ಸಾವು ನೋವು ಸಂಭವಿಸಿದಾಗ ಅದು ಅಪರಾಧವಲ್ಲವಾದುದರಿಂದ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಬೇಕು. ವಾಹನ ಅಪಘಾತದ ಪರಿಹಾರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸೇರಿದ್ದು. ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದಲ್ಲಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ನಿಗದಿಯಾಗಿದ್ದು, ಅರ್ಜಿಯನ್ನು ಕಂದಾಯ ಇಲಾಖೆಯ ಅಧಿಕಾರಿಗೆ ಸಲ್ಲಿಸಬೇಕು.

ಮಾಡದ ಅಪರಾಧಕ್ಕೆ ಸೆರೆವಾಸ ಅನುಭವಿಸಿದವರೂ ನೊಂದವರೇ. ಆದರೆ ಈ ಯೋಜನೆ ಅವರನ್ನು ಒಳಗೊಳ್ಳುವುದಿಲ್ಲ. ಆಧಾರವಿಲ್ಲದೆ ಬಂಧಿಸುವಂತೆ ಮಾಡಿದವರಿಂದ ಹೊಸ ಸಂಹಿತೆಯ 399ನೇ ಕಲಮಿನಡಿ ಕೊಡಿಸಬಹುದಾದ ಪರಿಹಾರ 1,000 ರೂಪಾಯಿಯನ್ನು ಮೀರುವಂತಿಲ್ಲ. ಹಳೆಯ ಸಂಹಿತೆಯ ಮೊತ್ತವೇ ಹೊಸದರಲ್ಲಿಯೂ ಉಳಿದಿದೆ. ಅಂತಹವರು ಉಚ್ಚ ನ್ಯಾಯಾಲಯದ ಅಥವಾ ಮಾನವ ಹಕ್ಕುಗಳ ಆಯೋಗದ ಮೊರೆಹೋಗಬೇಕಾಗುತ್ತದೆ.

ಹಣವಲ್ಲದ ನೆರವು

ನೊಂದ ಮಹಿಳೆಗೆ ಮೊದಲ ರಾತ್ರಿ ಬೇಕಾಗುವುದು ಪರಿಹಾರದ ಆದೇಶವಲ್ಲ, ಸುರಕ್ಷಿತವಾದ ಒಂದು ಕೋಣೆ. ಇದಕ್ಕಾಗಿ ರಾಜ್ಯ ಸರ್ಕಾರವು 2000-01ನೇ ಸಾಲಿನಲ್ಲಿಯೇ ಸ್ವಯಂಸೇವಾ ಸಂಸ್ಥೆಗಳ ಮೂಲಕ ಸಾಂತ್ವನ ಯೋಜನೆಯನ್ನು ಆರಂಭಿಸಿತ್ತು. 2015ರಿಂದ ಕೇಂದ್ರ ಸರ್ಕಾರದ ಸಖಿ ಏಕ ನಿಲುಗಡೆ ಕೇಂದ್ರಗಳು ಜಿಲ್ಲಾ ಮಟ್ಟದಲ್ಲಿ ಆರಂಭವಾದವು. ಐದು ದಿನಗಳವರೆಗಿನ ತಂಗುವಿಕೆ, ವೈದ್ಯಕೀಯ ನೆರವು, ದೂರು ದಾಖಲಿಸಲು ಸಹಾಯ, ಆಪ್ತ ಸಮಾಲೋಚನೆ ಇಲ್ಲಿ ಒಂದೇ ಸೂರಿನಡಿ ದೊರೆಯುತ್ತವೆ. ಸಂತ್ರಸ್ತರ ಪ್ರತ್ಯೇಕ ಕಚೇರಿ ಎಂಬ ಕಲ್ಪನೆಗೆ ನಮ್ಮಲ್ಲಿ ಅತ್ಯಂತ ಹತ್ತಿರವಾದುದು ಇದೇ. ಆದರೆ ಇದು ಮಹಿಳೆಯರಿಗೆ ಸೀಮಿತ, ಮತ್ತು ಜಿಲ್ಲಾ ಕೇಂದ್ರದಿಂದ ದೂರವಿರುವ ತಾಲ್ಲೂಕುಗಳವರು ಮೊದಲು ದೂರವಾಣಿಯನ್ನೇ ಅವಲಂಬಿಸಬೇಕಾಗುತ್ತದೆ. ಬೆದರಿಕೆ ಎದುರಿಸುತ್ತಿರುವ ಸಾಕ್ಷಿಗಳಿಗೆ ರಕ್ಷಣೆ ಕೋರಲು 2018ರ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯ ಅನುಮೋದಿಸಿದ್ದು, ಪ್ರತಿ ರಾಜ್ಯವೂ ಇಂತಹ ಯೋಜನೆಯನ್ನು ಹೊಂದಿರತಕ್ಕದ್ದೆಂದು ಹೊಸ ಸಂಹಿತೆಯ 398ನೇ ಕಲಂ ವಿಧಿಸಿದೆ.

ಪರಿಹಾರದ ಆದೇಶದಿಂದ ಅಸಮಾಧಾನಗೊಂಡವರು 2018ರ ಯೋಜನೆಯಂತೆ 30 ದಿನಗಳೊಳಗೆ ಬೆಂಗಳೂರಿನಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಪರಿಹಾರದ ಅರ್ಜಿಗೆ ಶುಲ್ಕವಿಲ್ಲ. ಮಂಜೂರು ಮಾಡಿಸಿಕೊಡುವುದಾಗಿ ಹೇಳಿ ಶೇಕಡಾವಾರು ಹಣ ಕೇಳುವ ಮಧ್ಯವರ್ತಿಗಳ ಬಗ್ಗೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ ದೂರು ನೀಡಬೇಕು. ಉಚಿತ ಕಾನೂನು ನೆರವಿಗೆ 15100, ತುರ್ತು ಪೊಲೀಸ್ ಸಹಾಯಕ್ಕೆ 112, ಮಹಿಳಾ ಸಹಾಯವಾಣಿಗೆ 181, ಮಕ್ಕಳ ಸಹಾಯವಾಣಿಗೆ 1098 ಸಂಖ್ಯೆಗಳಿಗೆ ಕರೆ ಮಾಡಬಹುದು.